ನೆಟ್ಟನೆಯ ದಾರಿಯಲ್ಲಿ ನಿಂತ ಗಾಡಿ

ಮುಕ್ತಾಬಾಯಿಯವರು ನಡೆದು ಬಂದರೆ ನವಲಗುಂದದ ಪೇಟೆ ಅವರಿಗೆ ದಾರಿ ಬಿಡುತ್ತಿರಲಿಲ್ಲ. ಕಾರು ನಡೆಸಿಕೊಂಡು ಬಂದರೆ ಅದೇ ಪೇಟೆ ಎದ್ದು ಅಂಗಡಿಯ ಕಟ್ಟೆ ಏರಿ ನಿಲ್ಲುತ್ತಿತ್ತು. ಬಾಲ್ಯದಲ್ಲಿ ಬಂದ ಜ್ವರವೊಂದು ಹೋಗುವಾಗ ಅವರ ಬಲಗಾಲಿನ ಬಲವನ್ನು ಜೊತೆಗೇ ಒಯ್ದಿತ್ತು. ಒಂದು ಹೆಜ್ಜೆಯನ್ನು ಭಾರವಾಗಿ ಊರಿ, ಇನ್ನೊಂದನ್ನು ಸೊಂಟದಿಂದಲೇ ಎತ್ತಿ ಮುಂದಿಟ್ಟು, ನಡುವೆ ಅರೆಕ್ಷಣ ತಡೆದು ಸುತ್ತಲಿನ ಅಂಗಡಿಗಳನ್ನೆಲ್ಲ ಪರಾಮರ್ಶಿಸುವಂತೆ ನೋಡಿ ಮುಂದುವರಿಯುವ ಆ ನಡಿಗೆಯಲ್ಲಿ ದೈನ್ಯದ ಲವಲೇಶವೂ ಇರಲಿಲ್ಲ. ಅರಿಯದವರು ಅದನ್ನು ಗತ್ತು ಎಂದು ತಿಳಿಯುತ್ತಿದ್ದರು. ಅರಿತವರೂ ಹಾಗೆಯೇ ತಿಳಿಯುವುದು ಲೇಸೆಂದು ಅನುಭವದಿಂದ ಕಲಿತಿದ್ದರು.

ಎಪ್ಪತ್ತಮೂರರಲ್ಲಿ ಅಲ್ಲಿಯ ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಹೋದಾಗ ನನಗೆ ಬಾಡಿಗೆಗೆ ಸಿಕ್ಕದ್ದು ಅವರ ಮನೆಯ ಮುಂದಿನ ಎರಡು ಕೋಣೆ. ಆಗ ಅವರಿಗೆ ಐವತ್ತು ದಾಟಿತ್ತು. ಮುಂಬಯಿ ಪ್ರಾಂತದ ಕಾಲದಲ್ಲಿ ವೈದ್ಯ ಓದಿ ಬಂದು, ಮನೆಯವರು ಮದುವೆಯ ಮಾತೆತ್ತುವ ಮೊದಲೇ ದವಾಖಾನೆಯ ಬಾಗಿಲು ತೆರೆದವರು. ಒಮ್ಮೆ ತೆರೆದ ಬಾಗಿಲಿನಿಂದ ಎಷ್ಟು ಜನ ಬಸುರಿಯರು ಬಂದರೆಂದರೆ, ಆ ಇನ್ನೊಂದು ಮಾತು ಒಳಗೆ ಬರಲು ಜಾಗವೇ ಉಳಿಯಲಿಲ್ಲ. ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ಅವರು ಬರಿಯ 'ಬಾಯಾರು'. ಬೇರೆ ಬಾಯಿಗಳೂ ಊರಿನಲ್ಲಿದ್ದರು, ಆದರೆ ಯಾವ ಬಾಯಾರು ಎಂದು ಯಾರೂ ಕೇಳುತ್ತಿರಲಿಲ್ಲ.

ಒಂಬತ್ತು ಗಜದ ಸೀರೆಯ ಮೇಲೆ ಅವರು ಕಂದುಬಣ್ಣದ ಗಂಡಸರ ಕೋಟು ತೊಡುತ್ತಿದ್ದರು. ಬೇಸಿಗೆಯಲ್ಲಿ ಎರೆ ನೆಲ ಬಾಯಿ ಬಿಟ್ಟು ಬಿರಿಯುವ ಹೊತ್ತಿನಲ್ಲೂ ಕೋಟು ಮೈಮೇಲೆಯೇ. ಅದರ ಕಿಸೆಗಳಲ್ಲಿ ಸ್ಟೆಥಾಸ್ಕೋಪು, ಮೇಣದ ಬತ್ತಿ, ಹುರಿದ ಶೇಂಗಾ, ಹೊಕ್ಕುಳಬಳ್ಳಿಗೆ ಕಟ್ಟುವ ದಾರದ ಉಂಡೆ, ಎಲ್ಲವೂ ಪರಸ್ಪರ ಸೌಹಾರ್ದದಿಂದ ವಾಸವಾಗಿದ್ದವು. ಮೊದಲ ಕೋಟು ಹೊಲಿಸಲು ಹುಬ್ಬಳ್ಳಿಗೆ ಹೋದಾಗ ಸಿಂಪಿಗ, "ಅಳತಿ ಯಾರದ್ರಿ? ಸಾಹೇಬರು ಬಂದಿಲ್ಲೇನ್ರಿ?" ಎಂದು ಕೇಳಿದನಂತೆ. "ಸಾಹೇಬರಿಗೆ ಪುರಸೊತ್ತಿಲ್ಲಪಾ. ಅಗದಿ ನನ್ನಷ್ಟ ಎತ್ತರ, ನನ್ನಷ್ಟ ದಪ್ಪ ಇದ್ದಾರ. ನಂದ ಅಳತಿ ತಗೋ" ಎಂದರಂತೆ ಇವರು. ಆ ಇಲ್ಲದ ಸಾಹೇಬರ ಕೋಟುಗಳನ್ನು ಆತ ಮುಂದೆ ಇಪ್ಪತ್ತು ವರ್ಷ ಹೊಲಿದುಕೊಟ್ಟ. ಸಾಹೇಬರ ಆರೋಗ್ಯವನ್ನೂ ತಪ್ಪದೆ ವಿಚಾರಿಸುತ್ತಿದ್ದ.

ಮಾತಿನಲ್ಲಿ ಅವರದೊಂದು ಚಾಳಿಯಿತ್ತು. ಯಾರು ಯಾವ ಗೋಳನ್ನು ಎಷ್ಟು ಉದ್ದ ಹೇಳಿದರೂ ಕೊನೆಯವರೆಗೆ ಕೇಳಿ, ಕನ್ನಡಕ ಮೇಲೆ ಸರಿಸಿ, "ಆತು. ಮುಂದ?" ಎನ್ನುತ್ತಿದ್ದರು. ಹೊಸಬರಿಗೆ ಅದು ಕಲ್ಲುಮನಸ್ಸಿನ ಮಾತಾಗಿ ಕೇಳುತ್ತಿತ್ತು. ಆದರೆ ಆ 'ಮುಂದ' ಎಂಬ ಶಬ್ದ ಕೇಳಿದೊಡನೆ ಅಳುತ್ತ ಬಂದವರು ಕಣ್ಣೊರಸಿಕೊಂಡು ಮುಂದೇನೆಂದು ಯೋಚಿಸತೊಡಗಿದ್ದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಆ ಕಾರು. ಹತ್ತಿ ವ್ಯಾಪಾರಿಯೊಬ್ಬ ಹೊಸದನ್ನು ಕೊಂಡಾಗ ಬಿಟ್ಟುಕೊಟ್ಟ, ಬದನೆಕಾಯಿ ಬಣ್ಣದ ಹಳೆಯ ವಿಲಾಯತಿ ಗಾಡಿ. ಮುಕ್ತಾಬಾಯಿಯವರ ಬಲಗಾಲು ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಬಲ್ಲದಾಗಿತ್ತು. ಎಕ್ಸಲರೇಟರಿನ ಮೇಲೆ ಒಂದೇ ಸಮ ಊರಿ ಹಿಡಿಯಲಾರದಾಗಿತ್ತು. ತುಸು ದೂರ ಹೋಗುವಷ್ಟರಲ್ಲಿ ಪಾದ ನಡುಗಿ, ಗಾಡಿ ಹದಗೆಟ್ಟ ಕುದುರೆಯಂತೆ ಜಿಗಿಯುತ್ತಿತ್ತು. ಆದರೆ ಆ ಗಾಡಿಯಲ್ಲಿ ಚಾವಿಯ ಕೆಳಗೆ ಕರಿಯ ಗುಂಡಿಯೊಂದಿತ್ತು. ಚಳಿಯ ದೇಶದಲ್ಲಿ ಬೆಳಗಿನ ಹೊತ್ತು ಎಂಜಿನ್ನು ಬೆಚ್ಚಗಾಗಲೆಂದು ಮಾಡಿಟ್ಟದ್ದು. ಅದನ್ನು ಎಳೆದು ನಿಲ್ಲಿಸಿದರೆ ಒಳಗಿನ ತಂತಿ ಬಿಗಿದು, ಕಾಲಿನ ಹಂಗಿಲ್ಲದೆ ಗಾಡಿ ಅದೇ ವೇಗದಲ್ಲಿ ಓಡುತ್ತ ಹೋಗುವುದು. ಮಾಡಿದವರು ಕನಸಿನಲ್ಲೂ ನೆನೆಯದ ಉಪಯೋಗವನ್ನು ಮುಕ್ತಾಬಾಯಿಯವರು ಅದಕ್ಕೆ ಕಂಡುಹಿಡಿದರು: ಆ ಗುಂಡಿಯೇ ಅವರ ಬಲಗಾಲು. ಪೇಟೆಯ ಕೊನೆಯ ಮನೆ ದಾಟಿ ಅಣ್ಣಿಗೇರಿಯ ದಾರಿ ನೂಲು ಹಿಡಿದಂತೆ ನೆಟ್ಟಗೆ ಬಿಚ್ಚಿಕೊಂಡಾಗ, ಗುಂಡಿಯನ್ನು ಎಳೆದು, ಎರಡೂ ಕಾಲನ್ನು ತುಸು ಸಡಿಲಿಸಿ, ಎರಡೂ ಬದಿಯ ಜೋಳದ ಹೊಲಗಳನ್ನು ಹಿಂದಕ್ಕೆ ಹಾಯಿಸುತ್ತ ಹೋಗುವ ಆ ಹೊತ್ತಿನಲ್ಲಿ ಅವರ ಮುಖದ ಮೇಲೆ ಮೂಡುತ್ತಿದ್ದ ನಿರುಮ್ಮಳವನ್ನು ನಾನು ಬೇರೆಲ್ಲೂ ನೋಡಲಿಲ್ಲ. ಊರಿಗೆ ಹೋಗುವಾಗ ಅಣ್ಣಿಗೇರಿಯಲ್ಲಿ ರೈಲು ಹಿಡಿಯಬೇಕಾದ ನಾನು, ಆ ಕಡೆ ಅವರಿಗೆ ರೋಗಿಗಳಿದ್ದರೆ, ಹಿಂದಿನ ಸೀಟಿನಲ್ಲಿ ಜೀವ ಹಿಡಿದುಕೊಂಡು ಕೂಡುತ್ತಿದ್ದೆ.

ನಾನು ಹೋದ ಎರಡನೆಯ ವರ್ಷ ಗಾಡಿಗೆ ಹೊಸದೊಂದು ರೋಗ ಹತ್ತಿತು. ಗುಂಡಿ ಎಳೆದು ಒಂದೇ ಸಮ ಓಡುತ್ತಿರುವಾಗ, ಕೆಮ್ಮಿಲ್ಲ ಕ್ಯಾಕರಿಕೆಯಿಲ್ಲ, ಎಂಜಿನ್ನು ಫಕ್ಕನೆ ಸತ್ತುಹೋಗುವುದು. ಒಮ್ಮೊಮ್ಮೆ ಚಾವಿ ತಿರುವಿದೊಡನೆ ಏನೂ ಆಗದಂತೆ ಶುರುವಾಗುವುದು. ಒಮ್ಮೊಮ್ಮೆ ಎಷ್ಟು ತಿರುವಿದರೂ ಒಲ್ಲೆನೆನ್ನುವುದು. ಮೊದಮೊದಲು ಊರಿಗೆ ಅದೊಂದು ವಿನೋದವಾಯಿತು. ಹೊಲದಲ್ಲಿದ್ದವರು ಬಂದು ನೂಕುತ್ತಿದ್ದರು. ಬಾಯಾರು ನೂಕಿದವರ ನಾಲಿಗೆ ನೋಡಿ, ಕಣ್ಣುರೆಪ್ಪೆ ಜಗ್ಗಿ ನೋಡಿ, ಸಂತೆಯ ದಿನ ದವಾಖಾನೆಗೆ ಬರಹೇಳಿ ಮುಂದೆ ಹೋಗುತ್ತಿದ್ದರು.

ಬಸ್‌ಸ್ಟ್ಯಾಂಡಿನ ಹಿಂದೆ ಹಜರತಅಲಿಯ ಗ್ಯಾರೇಜಿತ್ತು. ಲಾರಿಯಿಂದ ಹಿಡಿದು ನೀರೆತ್ತುವ ಎಂಜಿನ್ನಿನವರೆಗೆ ಎಲ್ಲವನ್ನೂ ಬಿಚ್ಚಿ ಕಟ್ಟುವ ಆ ಮನುಷ್ಯ, ದೊಡ್ಡ ಗಂಟಲಿನವನು, ಸೋಲನ್ನು ಒಪ್ಪುವ ಅಭ್ಯಾಸ ಇಲ್ಲದವನು. ಪೆಟ್ರೋಲಿನ ನಳಿಗೆ ಊದಿದ, ಪ್ಲಗ್ಗು ಬದಲಿಸಿದ, ಕಾರ್ಬೊರೇಟರು ತೊಳೆದ. ನಿಂತಲ್ಲೇ ಗುಂಡಿ ಎಳೆದು ನೋಡಿದ, ಎಂಜಿನ್ನು ಗರ್ಜಿಸಿತು, ಸಾಯಲಿಲ್ಲ. ತಾನೇ ಓಡಿಸಿ ನೋಡಿದ, ಸಾಯಲಿಲ್ಲ. ಎರಡೂ ಕಾಲು ನೆಟ್ಟಗಿದ್ದ ಆತ ಕಾಲಿನಿಂದಲೇ ಓಡಿಸುತ್ತಿದ್ದನೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಮೂರು ಬಾರಿ ಹೀಗಾದ ಮೇಲೆ ಆತ ಕೈಯೊರಸಿಕೊಳ್ಳುತ್ತ, "ಗಾಡಿಗೆ ಏನೂ ಆಗಿಲ್ರಿ ಬಾಯಾರ. ನಿಮ್ಮ ಕೈಗುಣದಾಗ ಏನೋ ಐತಿ" ಎಂದ.

"ಕೈಗುಣಾ ನೆಟ್ಟಗಿಲ್ಲೇನು? ನಿನ್ನ ಮೂರೂ ಮಕ್ಕಳ್ನ ಇದ ಕೈಲೆ ಹಿಡದೀನಲ್ಲ, ಅವಾಗ ನೆಟ್ಟಗಿತ್ತೇನು?"

ಗ್ಯಾರೇಜಿನವರೆಲ್ಲ ನಕ್ಕರು. ಹಜರತಅಲಿಯೂ ನಕ್ಕ. ಗಾಡಿ ಹಾಗೆಯೇ ಮನೆಗೆ ಬಂತು.

ವಿನೋದ ಮುಗಿದದ್ದು ಮರುವರ್ಷದ ಮಾರ್ಚಿನಲ್ಲಿ. ಅಣ್ಣಿಗೇರಿಯ ದಾರಿಯ ಹಳ್ಳಿಯೊಂದರಲ್ಲಿ ಸುಗರಾಬಿ ಎಂಬ ಹುಡುಗಿಗೆ ಚೊಚ್ಚಲ ಹೆರಿಗೆಯ ನೋವು. ನವಲಗುಂದದ ಜಮಖಾನ ನೇಯುವ ಮನೆಯ ಮಗಳವಳು; ತವರಿಗೆ ಕರೆತರುವ ಮೊದಲೇ ಗಂಡನ ಮನೆಯಲ್ಲಿ ನೋವು ಬಂದಿತ್ತು. ಬಾಯಾರೇ ಹಿಂದೆ ಅವಳನ್ನೂ ಭೂಮಿಗೆ ತಂದವರು. ಬೆಳಗ್ಗೆ ಬಸ್ಸಿನಲ್ಲಿ ಬಂದವನೊಬ್ಬ ಸುದ್ದಿ ಮುಟ್ಟಿಸಿ ಬೇರೆ ಕೆಲಸಕ್ಕೆ ಹೋದ; ಬಾಯಾರು ಒಬ್ಬರೇ ಹೊರಟರು. ಹಳ್ಳಿ ಇನ್ನೂ ಒಂದೂವರೆ ಮೈಲಿ ಇರುವಾಗ ಎಂಜಿನ್ನು ಸತ್ತಿತು. ತಿರುವಿದರು, ತಿರುವಿದರು, ಬ್ಯಾಟರಿ ಕ್ಷೀಣಿಸಿ ಗಾಡಿ ಮೂಕವಾಗುವವರೆಗೆ ತಿರುವಿದರು. ಜೋಳ ಕೊಯ್ದು ಮುಗಿದು ಹೊಲಗಳೆಲ್ಲ ಬರಿದಾಗಿದ್ದವು. ನೂಕಲು ಕಣ್ಣಳತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಚೀಲ ಹೆಗಲಿಗೇರಿಸಿ, ಆ ಕಾಲೆಳೆದುಕೊಂಡು, ಬಿಸಿಲಿನಲ್ಲಿ ನಡೆದರು.

ಹೊಕ್ಕುಳಬಳ್ಳಿ ಕೂಸಿನ ಕೊರಳಿಗೆ ಸುತ್ತಿತ್ತು. ಸುಗರಾಬಿಯ ಅತ್ತೆ ಖಾದರಬಿ ತನಗೆ ತಿಳಿದದ್ದನ್ನೆಲ್ಲ ಮಾಡಿದ್ದಳು. ಬಾಯಾರು ಹೊಸಿಲು ದಾಟುವ ಹೊತ್ತಿಗೆ ಕೂಸು ಹೋಗಿತ್ತು. ತಾಯಿ ನೆತ್ತರು ಸುರಿಸುತ್ತಿದ್ದಳು. ಸಂಜೆಯವರೆಗೆ ಕೂತು ತಾಯಿಯನ್ನು ಉಳಿಸಿಕೊಂಡರು. ಕೈ ತೊಳೆಯಲು ಹೊರಗೆ ಬಂದಾಗ ಖಾದರಬಿ ತಂಬಿಗೆಯಿಂದ ನೀರು ಸುರಿಯುತ್ತ, ದನಿಯೇರಿಸದೆ ಹೇಳಿದಳಂತೆ: "ನಿಮ್ಮ ಗಾಡಿ ಸಪ್ಪಳಾ ಕೇಳಿಸ್ತ್ರಿ ಬಾಯಾರ. ಬಯಲು ನೋಡ್ರಿ, ದೂರಿಂದನ ಕೇಳತೈತಿ. ಬಂದ್ರು, ಇನ್ನೇನ ಬಂದ್ರು ಅಂತ ಹುಡುಗಿಗೆ ಹೇಳಿದ್ಯಾ. ಆಮ್ಯಾಲ ಸಪ್ಪಳಾನ ಬಂದ್ ಆತು."

ಇದನ್ನು ಮುಕ್ತಾಬಾಯಿಯವರು ನನಗೆ ಹೇಳಿದ್ದು ವಾರದ ಬಳಿಕ, ಪಡಸಾಲೆಯಲ್ಲಿ ಕೂತು, ಕೋಟನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು. ಕೋಟಿಲ್ಲದೆ ಅವರು ಎಷ್ಟು ಸಣ್ಣ ದೇಹದವರೆಂಬುದನ್ನು ನಾನು ಕಂಡದ್ದು ಅಂದೇ. "ಬಿಡ್ರಿ ಬಾಯಾರ, ನಿಮ್ಮ ಕೈಯಾಗ ಏನಿತ್ತು" ಎಂದೆ. ಅವರು, "ಗಾಡಿ ನಿಂತದ್ದಕ್ಕ ಕೂಸು ಹೋತು ಅಂತ ನಾ ಅನ್ನೂದಿಲ್ಲ ಮಾಸ್ತರ. ಮೊದಲ ಮುಟ್ಟಿದ್ರೂ ಹೋಗತಿತ್ತೋ ಏನೋ. ಆದ್ರ ಹೋಗತಿತ್ತು ಅಂತ ಆಣಿ ಮಾಡಲಿಕ್ಕೂ ನನಗ ಬರೂದಿಲ್ಲ" ಎಂದರು.

ಹುಬ್ಬಳ್ಳಿಯಲ್ಲಿ ವಕೀಲಿ ಮಾಡುತ್ತಿದ್ದ ಅವರ ತಮ್ಮ ಬಾಳಕೃಷ್ಣರಾಯರು ಸುದ್ದಿ ತಿಳಿದು ಬಂದರು. ಅಕ್ಕನ ಮೇಲೆ ಅಪಾರ ಅಕ್ಕರೆಯುಳ್ಳವರು. ಅಕ್ಕರೆಯನ್ನು ವಾದಮಂಡನೆಯ ಧಾಟಿಯಲ್ಲಲ್ಲದೆ ಬೇರೆ ರೀತಿಯಲ್ಲಿ ತೋರಿಸಲು ಬಾರದವರು. "ಅಕ್ಕಾ, ಗಾಡಿ ಮಾರಿಬಿಡು. ದವಾಖಾನಿಗೆ ಬಂದವರನ್ನ ನೋಡು, ಸಾಕು. ಹೋಗಲೇಬೇಕಂದ್ರ ಒಬ್ಬ ಡ್ರೈವರ್‌ನ ಇಟಗೊ."

"ಹೆರಿಗಿ ನೋವು ಡ್ರೈವರ್‌ನ ಕೇಳಿ ಬರ್ತದೇನೋ?" ಎಂದರು ಅಕ್ಕ. ಆದರೆ ಆ ಉತ್ತರದಲ್ಲಿ ಎಂದಿನ ಮೊನೆ ಇರಲಿಲ್ಲ. ಡ್ರೈವರನೊಬ್ಬ ಬಂದೂ ಬಂದ. ಮೊದಲು ಅಳಿಯನ ಊರಿಗೆ, ಆಮೇಲೆ ಮಾವನ ಊರಿಗೆ ಎಂದು ರಜೆ ಕೇಳಿ, ಕಡೆಗೆ ತನ್ನ ಊರಿಗೆ ಹೋದವನು ಅಲ್ಲಿಯೇ ಉಳಿದ. ಗಾಡಿ ಬೇವಿನ ಮರದ ಕೆಳಗೆ ನಿಂತಿತು. ಬಾಯಾರು ಬಸ್ಸಿನಲ್ಲಿ ಹೋಗತೊಡಗಿದರು. ಬಸ್ಸು ಹೋಗದ ಹಳ್ಳಿಗಳಿಗೆ ಹೋಗುವುದು ನಿಂತಿತು. ದವಾಖಾನೆಯ ಕಟ್ಟೆಯ ಮೇಲೆ ಕೂತ ಹೆಂಗಸರು, ಬಾಯಾರಿಗೆ ವಯಸ್ಸಾಯಿತೆಂದು ಮೆಲ್ಲಗೆ ಮಾತಾಡಿಕೊಂಡರು. ಊರು ಒಬ್ಬರನ್ನು ಮುದುಕರೆಂದು ತೀರ್ಮಾನಿಸಲು ಎಷ್ಟು ಅಲ್ಪಾವಧಿ ಸಾಕು!

ಮುಕ್ತಾಬಾಯಿಯವರು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ಕೆಮ್ಮಿನ ಮುದುಕನೊಬ್ಬ ಬಂದ. ಮನೆಯಲ್ಲಿ ಹಗಲೆಲ್ಲ ಕೆಮ್ಮುವವನು ಇವರ ಮುಂದೆ ಒಂದು ಸಲವೂ ಕೆಮ್ಮಲಿಲ್ಲ. "ದಾರ್ಯಾಗ ನಡಕೋತ ಹೋಗುವಾಗ ಬರತೈತ್ರಿ, ಕೂತಾಗ ಬರೂದಿಲ್ಲ" ಎಂದ. ಬಾಯಾರು ಕೈಯಲ್ಲಿದ್ದ ಸ್ಟೆಥಾಸ್ಕೋಪನ್ನು ಹಾಗೆಯೇ ಹಿಡಿದು ಕಿಟಕಿಯಾಚೆ ಬೇವಿನ ಮರದತ್ತ ನೋಡಿದರು. ಮುದುಕನನ್ನು ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ, ಕೆಮ್ಮಿಸಿ, ಔಷಧ ಕೊಟ್ಟು ಕಳಿಸಿದವರೇ ನನ್ನನ್ನು ಕರೆದುಕೊಂಡು ಗ್ಯಾರೇಜಿಗೆ ನಡೆದರು.

"ಅಲಿ, ರೋಗ ಬಂದಾಗ ನೋಡಬೇಕು. ಬಿಟ್ಟಾಗ ನೋಡಿದ್ರ ನಿನಗ ಏನ್ ಕಾಣ್ತದ, ನನಗ ಏನ್ ಕಾಣ್ತದ? ಬಾನೆಟ್ ತಗದ ಇಡು. ನಾ ಗುಂಡಿ ಎಳದು ಓಡಸ್ತೀನಿ. ನೀ ಮುಂದ ಮಡಗಾರ್ಡಿನ ಮ್ಯಾಲೆ ಕೂತು ಎಂಜಿನ್ ನೋಡು."

ಹಜರತಅಲಿ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ಯಾರು, ನಾನಾ? ಮಡಗಾರ್ಡಿನ ಮ್ಯಾಲ? ಮಂದಿ ಏನಂತಾರ್ರಿ?"

"ಹಜರತಅಲಿ ಮೆರವಣಿಗಿ ಹೊಂಟಾನ ಅಂತಾರ. ಏಳು."

ಹೊರಟೆವು. ಮಡಗಾರ್ಡಿನ ಮೇಲೆ ಹರಕು ಜಮಖಾನ ಹಾಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಒಂದು ಕೈಯಲ್ಲಿ ಕರೆಂಟು ಪರೀಕ್ಷಿಸುವ ದೀಪದ ಬುರುಡೆ ಹಿಡಿದು ಹಜರತಅಲಿ ಕೂತ. ಅವನ ಕೂಗು ಗಾಳಿಗೆ ಹಾರಿಹೋದರೆ ಬಾಯಾರಿಗೆ ತಲುಪಿಸಲೆಂದು ಪಕ್ಕದ ಸೀಟಿನಲ್ಲಿ ನಾನು ಕೂತೆ. ಎದುರು ಬಂದ ಚಕ್ಕಡಿಗಳವರು ಎತ್ತು ನಿಲ್ಲಿಸಿ ನೋಡಿದರು. ಊರು ದಾಟಿದ ಮೇಲೆ ಗುಂಡಿ ಎಳೆದರು. ತುಸು ಹೊತ್ತಿನಲ್ಲಿ ಎಂಜಿನ್ನು ಸತ್ತಿತು. ಸತ್ತಿತೆಂದು ಮೂವರೂ ಏಕಕಂಠದಿಂದ ಸಂತೋಷಪಟ್ಟದ್ದು ಆ ಗಾಡಿಯ ಚರಿತ್ರೆಯಲ್ಲಿ ಅದೇ ಮೊದಲು. ಆದರೆ ಹಜರತಅಲಿಗೆ ಏನೂ ಕಂಡಿರಲಿಲ್ಲ. ಮತ್ತೆ ಓಡಿಸಿದರು, ಮತ್ತೆ ಸತ್ತಿತು, ಮತ್ತೆ ಏನೂ ಕಾಣಲಿಲ್ಲ. ಹೀಗೆಯೇ ಹೊತ್ತು ಇಳಿಯಿತು. ಧೂಳಿನಿಂದ ಕೆಂಪಾದ ಕಣ್ಣುಜ್ಜಿಕೊಳ್ಳುತ್ತ ಆತ, "ಸಾಕ್ರಿ ಬಾಯಾರ, ಕತ್ತಲಾದ್ರ ಇದ್ದದ್ದೂ ಕಾಣೂದಿಲ್ಲ" ಎಂದ. ಅವರು, "ಇನ್ನೊಂದ ಸಲ" ಎಂದರು.

ಸೂರ್ಯ ಮುಳುಗಿ ಬಯಲೆಲ್ಲ ಬೂದಿಬಣ್ಣಕ್ಕೆ ತಿರುಗಿತ್ತು. ಗಾಡಿ ತಗ್ಗೊಂದನ್ನು ಹಾರಿ ಕುಲುಕಿದ ಕ್ಷಣ ಎಂಜಿನ್ನು ನಿಂತಿತು. ಅದೇ ಕ್ಷಣ ಹಜರತಅಲಿ ಬೀಳುವಂತೆ ಕುಣಿದ. "ಕಂಡ್ತು! ಕಂಡ್ತ್ರಿ ಬಾಯಾರ! ಕಿಡಿ! ನೀಲಿ ಕಿಡಿ!"

ಹಗಲಿನ ಬೆಳಕಿನಲ್ಲಿ ಅಡಗಿದ್ದುದು ಮುಸ್ಸಂಜೆಯಲ್ಲಿ ತಾನಾಗಿ ತೋರಿಕೊಂಡಿತ್ತು. ಗುಂಡಿಯಿಂದ ಹೋಗುವ ತಂತಿಯ ಬಾಜೂಕ್ಕೆ, ಪ್ಲಗ್ಗುಗಳಿಗೆ ಬೇಕಾದ ಕರೆಂಟಿನ ವಾಯರೊಂದಿತ್ತು. ಗುಂಡಿ ಎಳೆದಾಗ ತಂತಿ ಬಿಗಿದು ಆ ವಾಯರಿಗೆ ಒತ್ತುತ್ತಿತ್ತು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಮೇಲಿನ ಹೊದಿಕೆ ಸವೆದು ತಾಮ್ರ ಬರಿದಾಗಿತ್ತು. ರಸ್ತೆಯ ಕುಲುಕಾಟಕ್ಕೆ ಎರಡೂ ತಾಗಿದೊಡನೆ ಕರೆಂಟು ಅಲ್ಲಿಯೇ ಸೋರಿಹೋಗಿ ಎಂಜಿನ್ನು ಸಾಯುತ್ತಿತ್ತು. ಹಜರತಅಲಿ ಸೈಕಲ್ ಟ್ಯೂಬಿನ ತುಂಡೊಂದನ್ನು ವಾಯರಿಗೆ ಸುತ್ತಿ ಬಿಗಿದು, ತಂತಿಯನ್ನು ಬೇರೆ ಕಡೆಯಿಂದ ಹಾಯಿಸಿ ಕಟ್ಟಿದ. ಇಷ್ಟೇ. ಹಿಂದಿರುಗುವಾಗ ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಆತ ಮಡಗಾರ್ಡಿನ ಮೇಲೆಯೇ ಕೂತು ಬಂದ; ಒಳಗೆ ಬಾ ಎಂದರೂ ಒಲ್ಲೆನೆಂದ. ಈಗ ಮೆರವಣಿಗೆಗೆ ಅವನ ಅಭ್ಯಂತರವಿರಲಿಲ್ಲ.

ಮನೆ ಮುಟ್ಟಿದ ಮೇಲೆ ಮುಕ್ತಾಬಾಯಿಯವರು ಗಾಡಿಯಿಂದ ಇಳಿಯಲಿಲ್ಲ. "ಅಲಿ, ಒಂದ ಮಾತು ಹೇಳು. ಎಂಜಿನ್ ನಿಂತಾಗ ಈ ಗುಂಡಿ ಒಳಗ ದೂಡಿದ್ರ?"

"ತಂತಿ ಸಡ್ಲ ಆಗತೈತ್ರಿ. ವಾಯರ್ ಬಿಡತೈತಿ. ಚಾವಿ ತಿರುವಿದ್ರ ಶುರು ಆಗತೈತಿ." ಹೇಳುತ್ತ ಹೇಳುತ್ತ ಆತನಿಗೂ ಅರ್ಥವಾಯಿತು. ದೊಡ್ಡ ಗಂಟಲು ಸಣ್ಣದಾಯಿತು. "ಅದು ಯಾರಿಗೂ ಗೊತ್ತಿರಲಿಲ್ರಿ, ಬಾಯಾರ."

ಅವರು ಕರಿಯ ಗುಂಡಿಯನ್ನು ಒಮ್ಮೆ ಎಳೆದರು, ಒಮ್ಮೆ ದೂಡಿದರು.

ಮರುದಿನ ರವಿವಾರ. ಖಾದರಬಿಯ ಹಳ್ಳಿಗೆ ಹೊರಟರು. ಅಲ್ಲಿಂದ ಮುಂದೆ ಅಣ್ಣಿಗೇರಿಗೆ ಹೋಗಬೇಕಾಗಿದ್ದ ನಾನು ಜೊತೆಗಿದ್ದೆ. ಖಾದರಬಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಬಾಯಾರು ಕೂಡಲಿಲ್ಲ, ನಿಂತೇ ಹೇಳಿದರು, "ಗಾಡಿ ಯಾಕ ನಿಂದರತಿತ್ತು ಅಂತ ನಿನ್ನೆ ತಿಳೀತು ಖಾದರಬಿ. ಒಂದ ಗುಂಡಿ ಅದ. ಅವತ್ತ ಅದನ್ನ ಒಳಗ ದೂಡಿದ್ದರ ಗಾಡಿ ಶುರು ಆಗತಿತ್ತು. ನನಗ ತಿಳೀಲಿಲ್ಲ. ನಿಮಗ ಹೇಳಬೇಕು ಅನಸ್ತು, ಬಂದೆ."

ನನಗೆ ಭಯವಾಯಿತು. ಕೇಳದವರಿಗೆ ಇಂಥ ಸತ್ಯವನ್ನು ಹೀಗೆ ತಂದೊಪ್ಪಿಸಬೇಕಾಗಿತ್ತೇ ಎಂದುಕೊಂಡೆ. ಖಾದರಬಿ ಬಾಗಿದ ಬೆನ್ನನ್ನೆತ್ತದೆ ಉಳಿದ ಮೆಣಸಿನಕಾಯಿಯನ್ನೆಲ್ಲ ಹರವಿ ಮುಗಿಸಿದಳು. ಆಮೇಲೆ ಎದ್ದು, ಒಳಗೆ ಹೋಗಿ, ಚಾಪೆ ತಂದು ಹಾಸಿದಳು. "ಕುಂದರ್ರಿ. ಬಿಸಲಾಗ ಬಂದೀರಿ. ಚಾ ಮಾಡತೇನಿ." ಬಾಗಿಲ ಮರೆಯಲ್ಲಿ ಸುಗರಾಬಿ ನಿಂತಿದ್ದಳು. ಬಾಯಾರು ಅವಳ ಕಣ್ಣುರೆಪ್ಪೆ ಜಗ್ಗಿ ನೋಡಿ, ನೆತ್ತರು ಇನ್ನೂ ಕಡಿಮೆಯಿದೆಯೆಂದು ಬೈದರು. ಚಹ ಕುಡಿದು ಎದ್ದೆವು.

ಮರುವರ್ಷ ಚಳಿಗಾಲದ ಒಂದು ಬೆಳಗ್ಗೆ, ಮೊದಲ ಬಸ್ಸಿನಿಂದಿಳಿದು ನೇರವಾಗಿ ನಮ್ಮ ಅಂಗಳಕ್ಕೆ ಬಂದವಳು ಖಾದರಬಿ. ಬೇರೊಬ್ಬರನ್ನು ಕಳಿಸದೆ ತಾನೇ ಬಂದಿದ್ದಳು. "ಸುಗರಾಗ ನೋವು ಚಾಲೂ ಆಗೇತ್ರಿ ಬಾಯಾರ. ಹೋಗೂಣು ಬರ್ರಿ." ಆ ದಿನವೂ ನನಗೆ ರೈಲು ಹಿಡಿಯುವುದಿತ್ತು, ಹಿಂದೆ ಕೂತೆ. ಖಾದರಬಿ ಮುಂದೆ ಬಾಯಾರ ಪಕ್ಕದಲ್ಲಿ ಕೂತಳು. ಊರಿನ ಕೊನೆಯ ಮನೆ ದಾಟಿತು. ಬಾಯಾರು ಗುಂಡಿಯತ್ತ ಕೈ ಒಯ್ದವರು ಹಿಂದಕ್ಕೆ ತೆಗೆದುಕೊಂಡರು, ಕಾಲಿನಿಂದಲೇ ಒತ್ತತೊಡಗಿದರು. ಪಾದ ನಡುಗಿತು. ಗಾಡಿ ಜಿಗಿಜಿಗಿದು ಓಡಿತು. ಖಾದರಬಿ ಅವರ ಕಾಲನ್ನು ನೋಡಿದಳು, ಕೈಯನ್ನು ನೋಡಿದಳು.

"ಅದು ಅಂದ್ರ ಇದನ ಏನ್ರಿ, ಕರೇದು?"

"ಹೌದು. ಇದ."

"ಹಂಗಾರ ಎಳೀರಿ ಮತ್ತ. ಹುಡುಗಿ ದಾರಿ ಕಾಯಾಕತ್ತೈತಿ."

ಬಾಯಾರು ಎಳೆದರು. ಎಂಜಿನ್ನಿನ ಸದ್ದು ಒಂದೇ ಶ್ರುತಿಗೆ ಬಂದು ನಿಂತಿತು. ಎರಡೂ ಬದಿಗೆ ತೆನೆಯಾಗಿದ್ದ ಬಿಳಿಜೋಳ ಹಿಂದೆ ಹಿಂದೆ ಸರಿಯಿತು. ಮೂವರೂ ಆ ಸದ್ದನ್ನೇ ಕೇಳುತ್ತಿದ್ದೆವು. ಹಳ್ಳಿಯ ಬೇಲಿ ಬಂದಾಗ ಖಾದರಬಿ ಸೆರಗಿನಿಂದ ಮುಖ ಒರಸಿಕೊಂಡಳು. ನನ್ನ ರೈಲು ತಪ್ಪಿತು. ಹೊರಗಿನ ಕಟ್ಟೆಯ ಮೇಲೆ ಕೂತು ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಬಂದ ಅಳುವನ್ನು ಕೇಳಿದೆ: ಹೆಣ್ಣುಕೂಸು, ಗಟ್ಟಿ ಗಂಟಲು. ಸ್ವಲ್ಪ ಹೊತ್ತಿಗೆ ಬಾಯಾರು ತೋಳು ಮಡಿಚಿದ ಕೋಟಿನಲ್ಲಿ ಹೊರಗೆ ಬಂದು ನನ್ನ ಬಾಜೂಕ್ಕೆ ಕೂತರು. ಕನ್ನಡಕ ತೆಗೆದು ಒರಸಿದರು. ಒರಸಿದ ಮೇಲೂ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಬಯಲನ್ನು ನೋಡುತ್ತ ಕೂತರು.

ನವಲಗುಂದವನ್ನು ಬಿಟ್ಟು ಬಂದ ಮೇಲೆ ಇಂಥವರನ್ನು ನಾನು ಬೇರೆ ಊರುಗಳಲ್ಲೂ ಅಲ್ಲೊಬ್ಬರು ಇಲ್ಲೊಬ್ಬರಂತೆ ಕಂಡಿದ್ದೇನೆ. ನಾವು ಬಹುಪಾಲು ಜನ ಕೆಟ್ಟುದರ ಜೊತೆ ಬಾಳುವುದನ್ನು ಬೇಗ ಕಲಿತುಬಿಡುತ್ತೇವೆ. ಆ ಕಲಿಕೆಗೆ ಸಮಾಧಾನವೆಂದೋ ಹಣೆಬರಹವೆಂದೋ ಹೆಸರಿಡುತ್ತೇವೆ. ಇವರಿಗೆ ಆ ವಿದ್ಯೆ ಹತ್ತುವುದಿಲ್ಲ. ಕಾರಣ ಕೈಗೆ ಸಿಗುವವರೆಗೆ ಕೆದಕುತ್ತಾರೆ. ಸಿಕ್ಕ ಕಾರಣ ತಮ್ಮತ್ತಲೇ ಬೆರಳು ತೋರಿದರೆ ಆ ಬೆರಳನ್ನು ಮಡಿಚಲು ಹೋಗುವುದಿಲ್ಲ. ಇಂಥವರ ಸಹವಾಸ ಅಷ್ಟು ಸುಖದ್ದೇನಲ್ಲ. ಬಳಿಯಲ್ಲಿರುವವರ ನೆಮ್ಮದಿಯನ್ನೂ ಅವರು ಆಗಾಗ ಕದಡುತ್ತಾರೆ. ಆದರೂ ನೋವು ಬಂದ ಹೊತ್ತಿನಲ್ಲಿ ಜನ ಮೊದಲ ಬಸ್ಸು ಹಿಡಿದು ಹುಡುಕಿಕೊಂಡು ಬರುವುದು ಅವರನ್ನೇ. ಎಂದೂ ತಪ್ಪದವರು ಈ ಲೋಕದಲ್ಲಿ ಸಿಗುವುದಿಲ್ಲವೆಂದು ಜನಕ್ಕೆ ಗೊತ್ತು. ತಪ್ಪಿದ್ದನ್ನು ಅಂಗಳಕ್ಕೆ ಬಂದು ನಿಂತು ಹೇಳಿದವರ ಕೈಯಲ್ಲಿ, ಅವರು ತಮ್ಮ ಮನೆಯ ಹೆಣ್ಣಿನ ಜೀವವನ್ನು ಎರಡನೆಯ ಸಲ ನಂಬಿ ಇಡುತ್ತಾರೆ.